ನಿಮ್ಮ ಮಾತು ನಮ್ಮ ಮನೆಗೆ ಬರುತ್ತದೆ: ರಾಜಕೀಯ ಪಕ್ಷಗಳ ಅಧ್ಯಕ್ಷರಿಗೂ ವಕ್ತಾರರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ಎಲ್ಲ ರಾಜಕೀಯ ಪಕ್ಷಗಳ ಅಧ್ಯಕ್ಷರನ್ನೂ, ಅವರ ಪರವಾಗಿ ದಿನವೂ ಮಾತನಾಡುವ ವಕ್ತಾರರನ್ನೂ ಒಟ್ಟಿಗೇ ಉದ್ದೇಶಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ. ಒಂದೇ ಪಕ್ಷಕ್ಕೆ ಬರೆದಿದ್ದರೆ ಉಳಿದವರು ಓದಿ ಸಂತೋಷಪಡುತ್ತಿದ್ದರು, ಆ ಪಕ್ಷದವರು ನಾನು ಯಾರ ಕಡೆಯವಳೆಂದು ವಿಚಾರಿಸುತ್ತಿದ್ದರು. ನನ್ನ ದೂರು ಮಾತ್ರ ಯಾರ ಕಿವಿಗೂ ಬೀಳುತ್ತಿರಲಿಲ್ಲ. ನಾನು 31 ವರ್ಷ ಪ್ರೌಢಶಾಲೆಯಲ್ಲಿ ಭಾಷೆ ಕಲಿಸಿ ನಿವೃತ್ತಳಾದವಳು. ಅಷ್ಟೂ ವರ್ಷ ಶಾಲೆಯ ಚರ್ಚಾಸ್ಪರ್ಧೆಗಳ ಹೊಣೆ ನನ್ನ ಮೇಲಿತ್ತು. ಒಪ್ಪದ ಮಾತಿಗೆ ಹೇಗೆ ಉತ್ತರ ಕೊಡಬೇಕೆಂದು ಮಕ್ಕಳಿಗೆ ಹೇಳಿಕೊಡುವುದೇ ನನ್ನ ಕೆಲಸವಾಗಿದ್ದುದರಿಂದ, ಅದೇ ವಿದ್ಯೆ ದೊಡ್ಡವರ ನಡುವೆ ಕೆಟ್ಟುಹೋಗುತ್ತಿರುವುದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದ ಆಗುತ್ತಿಲ್ಲ.

ನಾನು ಕಣ್ಣಾರೆ ಕಂಡದ್ದನ್ನು ಮೊದಲು ಹೇಳುತ್ತೇನೆ. ನಮ್ಮ ಶಾಲೆಯ ಅಧ್ಯಾಪಕರ ಕೊಠಡಿಯಲ್ಲಿ ಗಣಿತದ ಮೇಷ್ಟ್ರು ಮತ್ತು ಇತಿಹಾಸದ ಮೇಷ್ಟ್ರು 19 ವರ್ಷ ಒಂದೇ ಮೇಜನ್ನು ಹಂಚಿಕೊಂಡವರು. ಒಬ್ಬರು ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದಾಗ ಇನ್ನೊಬ್ಬರು ತಮ್ಮ ಕಟ್ಟಿನ ಜೊತೆಗೆ ಅವರ ಕಟ್ಟಿನ ಉತ್ತರಪತ್ರಿಕೆಗಳನ್ನೂ ಮನೆಗೆ ಒಯ್ದು ಅಂಕಗಳನ್ನು ಕೂಡಿಸಿ ತಂದಿದ್ದರು. ಇಬ್ಬರೂ ಬೇರೆ ಬೇರೆ ಪಕ್ಷಗಳಿಗೆ ಮತ ಹಾಕುವವರೆಂಬುದು ನಮಗೆಲ್ಲ ಗೊತ್ತಿತ್ತು. ರಾಜಕೀಯದ ಬಗ್ಗೆ ಅವರಿಬ್ಬರು ನಡೆಸುತ್ತಿದ್ದ ವಾದ ಎಷ್ಟೋ ಮಧ್ಯಾಹ್ನಗಳಲ್ಲಿ ನಮಗೆ ಪಾಠದಂತೆ ಇರುತ್ತಿತ್ತು. ಒಬ್ಬರು ಅಂಕಿಅಂಶ ತೆಗೆದರೆ ಇನ್ನೊಬ್ಬರು ಅದರ ಹಿಂದಿನ ಕಥೆ ತೆಗೆಯುತ್ತಿದ್ದರು. ಒಂದು ದಿನ ಯಾವುದೋ ಹೊಸ ತೆರಿಗೆಯ ವಿಚಾರಕ್ಕೆ ಮಾತು ಶುರುವಾಯಿತು. ಐದೇ ನಿಮಿಷದಲ್ಲಿ ಒಬ್ಬರು ಇನ್ನೊಬ್ಬರನ್ನು 'ಬಾಲಬಡುಕ' ಎಂದರು. ಇನ್ನೊಬ್ಬರು 'ದ್ರೋಹಿ' ಎಂದರು. ಪರಸ್ಪರ 19 ವರ್ಷ 'ನೀವು' ಎಂದೇ ಕರೆದುಕೊಂಡವರ ಬಾಯಲ್ಲಿ ಆ ದಿನ ಮೊದಲ ಸಲ 'ನೀನು' ಬಂತು. ಕೊಠಡಿಯಲ್ಲಿದ್ದ ನಮಗೆಲ್ಲ ಆ ಎರಡು ಬೈಗುಳಗಳಿಗಿಂತ ಆ ಏಕವಚನವೇ ಹೆಚ್ಚು ಕೇಳಿಸಿತು.

ಆ ಎರಡು ಪದಗಳು ಅವರ ಸ್ವಂತದ್ದಲ್ಲವೆಂದು ನನಗೆ ಆಗಲೇ ಅನ್ನಿಸಿತ್ತು. ಹಿಂದಿನ ರಾತ್ರಿ ದೂರದರ್ಶನದ ಚರ್ಚೆಯೊಂದರಲ್ಲಿ ಇಬ್ಬರು ವಕ್ತಾರರು ಅವೇ ಪದಗಳನ್ನು, ಅದೇ ಸರದಿಯಲ್ಲಿ ಎಸೆದಾಡಿದ್ದನ್ನು ನಾನೂ ನೋಡಿದ್ದೆ. ಅದಾದ ಒಂದು ವಾರದೊಳಗೆ ಪತ್ರಿಕೆಯೊಂದರಲ್ಲಿ ಮದುವೆಯ ಚಿತ್ರವೊಂದು ಪ್ರಕಟವಾಯಿತು. ಅದೇ ಇಬ್ಬರು ವಕ್ತಾರರು ಅಕ್ಕಪಕ್ಕ ಕುಳಿತು, ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಕೈಯಿಟ್ಟು ನಗುತ್ತಿದ್ದರು. ಅವರ ಸ್ನೇಹದ ಬಗ್ಗೆ ನನಗೆ ಯಾವ ಆಕ್ಷೇಪಣೆಯೂ ಇಲ್ಲ, ಅದು ಒಳ್ಳೆಯದೇ. ಆದರೆ ಅವರ ಮಾತನ್ನು ನಂಬಿ ಆಡಿದ ನಮ್ಮ ಇಬ್ಬರು ಮೇಷ್ಟ್ರುಗಳು ಮತ್ತೆ ಒಂದೇ ಮೇಜಿಗೆ ಕೂರಲಿಲ್ಲ. ಗಣಿತದ ಮೇಷ್ಟ್ರ ಬೀಳ್ಕೊಡುಗೆಯ ದಿನ ಇತಿಹಾಸದ ಮೇಷ್ಟ್ರು ರಜೆ ಹಾಕಿದ್ದರು. ಹಾರ ಹಾಕಿಸಿಕೊಂಡು ಕುಳಿತವರ ಕಣ್ಣು ಪದೇ ಪದೇ ಬಾಗಿಲ ಕಡೆ ಹೋಗುತ್ತಿದ್ದುದನ್ನು ನಾನು ಇವತ್ತಿಗೂ ಮರೆತಿಲ್ಲ.

ನನ್ನ ದೂರಿನ ತಿರುಳು ಇದೇ. ನೀವು ವೇದಿಕೆಯ ಮೇಲೆ ಎದುರಾಳಿಯನ್ನು ಬೈಯುವುದು ನಿಮ್ಮ ವೃತ್ತಿಯ ಒಂದು ಭಾಗ, ಕೆಳಗಿಳಿದ ಮೇಲೆ ಕೈಕುಲುಕುವುದು ಇನ್ನೊಂದು ಭಾಗ. ಎರಡನೆಯ ಭಾಗವನ್ನು ನೀವು ನಮಗೆ ತೋರಿಸುವುದಿಲ್ಲ. ನಾವು ನಿಮ್ಮ ಮೊದಲ ಭಾಗವನ್ನಷ್ಟೇ ಕಂಡು, ಅದೇ ನಿಜವೆಂದು ತಿಳಿದು, ಆ ಪದಗಳನ್ನು ನಮ್ಮ ಮನೆಗೆ, ಕಚೇರಿಗೆ, ಸ್ನೇಹಿತರ ಬಳಿಗೆ ಒಯ್ಯುತ್ತೇವೆ. ನಮಗೆ ಇಳಿದು ಹೋಗಲು ವೇದಿಕೆಯಿಲ್ಲ. ಬೈದವರ ಜೊತೆಯಲ್ಲೇ ಮರುದಿನವೂ ನಾವು ಬದುಕಬೇಕು.

ಈ ವಿಷಯದಲ್ಲಿ ನಾನು ತಪ್ಪಿಲ್ಲದವಳಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುವುದು ನ್ಯಾಯ. ಕಳೆದ ಚುನಾವಣೆಯ ಸಮಯದಲ್ಲಿ ನನ್ನ ತಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ತಾನು ಯಾರನ್ನು, ಏಕೆ ಬೆಂಬಲಿಸುತ್ತೇನೆಂದು ನಾಲ್ಕು ಪ್ಯಾರಾ ಬರೆದಿದ್ದ. ನಾನು ಮೊದಲ ಪ್ಯಾರಾ ಓದುತ್ತಿದ್ದಂತೆಯೇ ಉತ್ತರ ಬರೆದೆ: "ಓದಿದವನಾಗಿ ಇಂಥ ಮಾತು ಬರೆಯಲು ನಿನಗೆ ನಾಚಿಕೆಯಾಗುವುದಿಲ್ಲವೇ?" ಅವನು ಉತ್ತರಿಸಲಿಲ್ಲ. ಗುಂಪಿನಿಂದಲೂ ಹೊರಗೆ ಹೋದ. ಎಂಟು ತಿಂಗಳು ನಮ್ಮ ನಡುವೆ ಫೋನು ಇರಲಿಲ್ಲ. ಕೊನೆಗೆ ನಾನೇ ಕರೆ ಮಾಡಿದಾಗ ಅವನು ಹೇಳಿದ್ದು ಒಂದೇ ಮಾತು: "ಅಕ್ಕ, ನಾನು ಬರೆದದ್ದು ತಪ್ಪಿರಬಹುದು, ಆದರೆ ನೀನು ಅದನ್ನು ಪೂರ್ತಿ ಓದಲೇ ಇಲ್ಲ." ಅವನು ಹೇಳಿದ್ದು ನಿಜವಾಗಿತ್ತು. ಮಕ್ಕಳಿಗೆ 31 ವರ್ಷ ಯಾವುದನ್ನು ಮಾಡಬಾರದೆಂದು ಹೇಳಿಕೊಟ್ಟೆನೋ ಅದನ್ನೇ ನಾನು ನನ್ನ ಸ್ವಂತ ತಮ್ಮನಿಗೆ ಮಾಡಿದ್ದೆ. ಆ ಹೊಣೆ ಪೂರ್ತಿಯಾಗಿ ನನ್ನದು, ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಆದರೂ ಆ ದಿನ ನನ್ನ ಬೆರಳ ತುದಿಗೆ ಅಷ್ಟು ಬೇಗ ಆ ಧಾಟಿ ಹೇಗೆ ಬಂತು ಎಂದು ಯೋಚಿಸಿದಾಗಲೆಲ್ಲ, ನಿತ್ಯ ರಾತ್ರಿ ಒಂಬತ್ತಕ್ಕೆ ನಾನು ಕೇಳಿಸಿಕೊಳ್ಳುತ್ತಿದ್ದ ದನಿಗಳೇ ನೆನಪಾಗುತ್ತವೆ.

ಇಂಥದ್ದು ಒಂದು ಶಾಲೆಯ, ಒಂದು ಮನೆಯ ಕಥೆಯಷ್ಟೇ ಎಂದು ನೀವು ಹೇಳಬಹುದು. ಆದರೆ ಅಮೆರಿಕದಲ್ಲಿ ಇದನ್ನು ಅಳೆದು ನೋಡಿದ್ದಾರೆ. ನಿಮ್ಮ ಮಗ ಅಥವಾ ಮಗಳು ಎದುರು ಪಕ್ಷದವರನ್ನು ಮದುವೆಯಾದರೆ ನಿಮಗೆ ಬೇಸರವಾಗುತ್ತದೆಯೇ ಎಂದು 1960ರಲ್ಲಿ ಕೇಳಿದಾಗ ಹೌದೆಂದವರು ಎರಡೂ ಪಕ್ಷಗಳಲ್ಲಿ ಶೇಕಡಾ 5ರ ಆಸುಪಾಸು ಇದ್ದರು. 2010ರಲ್ಲಿ ಅಂಥದ್ದೇ ಪ್ರಶ್ನೆಗೆ ರಿಪಬ್ಲಿಕನ್ ಬೆಂಬಲಿಗರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ, ಡೆಮಾಕ್ರಟಿಕ್ ಬೆಂಬಲಿಗರಲ್ಲಿ ಮೂರನೇ ಒಂದರಷ್ಟು ಮಂದಿ ಹೌದೆಂದರು. ರಾಜಕೀಯ ವಿಜ್ಞಾನಿ ಶಾಂತೋ ಅಯ್ಯಂಗಾರ್ ಮತ್ತು ಅವರ ಸಹೋದ್ಯೋಗಿಗಳು 2012ರಲ್ಲಿ ಈ ಹೋಲಿಕೆಯನ್ನು ಪ್ರಕಟಿಸಿದರು. ಜನ ನೀತಿಗಳ ಬಗ್ಗೆ ಎಷ್ಟು ಬೇರೆಬೇರೆಯಾಗಿ ಯೋಚಿಸುತ್ತಾರೆ ಎಂಬುದಕ್ಕಿಂತ, ಎದುರು ಕಡೆಯವರನ್ನು ಮನುಷ್ಯರಾಗಿ ಎಷ್ಟು ದ್ವೇಷಿಸುತ್ತಾರೆ ಎಂಬುದೇ ಒಡಕನ್ನು ಹೆಚ್ಚು ತೋರಿಸುತ್ತದೆ ಎಂಬುದು ಅವರ ವಾದ. ನಮ್ಮ ಮೇಷ್ಟ್ರುಗಳ ವಿಷಯದಲ್ಲಿ ನಾನು ಕಂಡದ್ದೂ ಅದನ್ನೇ. ಆ ತೆರಿಗೆ ಎಷ್ಟಿರಬೇಕೆಂಬ ಬಗ್ಗೆ ಅವರಿಬ್ಬರ ಅಭಿಪ್ರಾಯ ಅಷ್ಟೇನೂ ದೂರವಿರಲಿಲ್ಲ.

ಮಾತು ಹೀಗೆ ಕೆಡುವ ಬಗೆಯನ್ನು ನಮ್ಮ ಹಿಂದಿನವರು ಬಹಳ ಸೂಕ್ಷ್ಮವಾಗಿ ಗುರುತಿಸಿದ್ದರು. ತರ್ಕವನ್ನು ಕುರಿತ ನಮ್ಮ ಪ್ರಾಚೀನ ಶಾಸ್ತ್ರವಾದ ನ್ಯಾಯದರ್ಶನವು ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ನಿಜವನ್ನು ತಿಳಿಯುವುದಕ್ಕಾಗಿ ಇಬ್ಬರೂ ಸೇರಿ ನಡೆಸುವುದು ವಾದ. ಗೆಲ್ಲುವುದಕ್ಕಾಗಿ, ಉಪಾಯಗಳನ್ನೂ ಬಳಸಿ ನಡೆಸುವುದು ಜಲ್ಪ. ತನ್ನದೆಂಬ ಯಾವ ನಿಲುವನ್ನೂ ಸ್ಥಾಪಿಸದೆ ಎದುರಾಳಿಯದನ್ನು ಕೆಡವುವುದಷ್ಟೇ ಗುರಿಯಾದದ್ದು ವಿತಂಡ. ಮೂರನೆಯ ಪದ ಮಾತ್ರ ನಮ್ಮ ಆಡುಮಾತಿನಲ್ಲಿ ಗಟ್ಟಿಯಾಗಿ ಉಳಿದುಕೊಂಡಿರುವುದು ಏನನ್ನೋ ಹೇಳುತ್ತದೆ. ಒಂದು ಗಂಟೆಯ ದೂರದರ್ಶನ ಚರ್ಚೆಯನ್ನು ಕೇಳಿ ಮುಗಿಸಿದ ಮೇಲೆ, ನಿಮ್ಮ ಪಕ್ಷ ಆ ಸಮಸ್ಯೆಗೆ ಏನು ಮಾಡುತ್ತದೆಂದು ಯಾರಾದರೂ ನನ್ನನ್ನು ಕೇಳಿದರೆ ಹೇಳಲು ನನ್ನ ಬಳಿ ಏನೂ ಇರುವುದಿಲ್ಲ. ಎದುರು ಪಕ್ಷ ಹಿಂದೆ ಏನು ಮಾಡಿತ್ತೆಂಬುದು ಮಾತ್ರ ಎರಡೂ ಕಡೆಯಿಂದ ಹತ್ತು ಸಲ ಕೇಳಿಸಿರುತ್ತದೆ.

ಅದೇ ಶಾಸ್ತ್ರದಲ್ಲಿ 'ಛಲ' ಎಂಬ ಇನ್ನೊಂದು ಮಾತಿದೆ. ನಾವು ದಿನನಿತ್ಯ ಹೇಳುವ ಹಟದ ಛಲವಲ್ಲ ಅದು. ಎದುರಿನವರ ಮಾತಿಗೆ ಅವರು ಉದ್ದೇಶಿಸದ ಅರ್ಥವನ್ನು ಕಟ್ಟಿ, ಆ ಅರ್ಥವನ್ನು ಖಂಡಿಸಿ ಗೆದ್ದೆನೆಂದುಕೊಳ್ಳುವುದು ಅಲ್ಲಿನ ಛಲ. ಅದಕ್ಕೆ ಕೊಡುವ ಉದಾಹರಣೆಯನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಈ ಹುಡುಗನ ಬಳಿ ನವಕಂಬಳಿ ಇದೆ ಎಂದು ಒಬ್ಬ ಹೇಳುತ್ತಾನೆ. ಹೊಸ ಕಂಬಳಿ ಎಂದು ಅವನ ಅರ್ಥ. ಎದುರಿನವನು 'ನವ' ಎಂಬುದನ್ನು ಒಂಬತ್ತು ಎಂದು ಹಿಡಿದು, ಎಲ್ಲಿವೆ ಒಂಬತ್ತು ಕಂಬಳಿ, ಇವನ ಬಳಿ ಇರುವುದು ಒಂದೇ, ನೀನು ಸುಳ್ಳುಗಾರ ಎಂದು ಕೂಗುತ್ತಾನೆ. ಮಕ್ಕಳು ನಗುತ್ತಿದ್ದರು, ಏಕೆಂದರೆ ಅವರಿಗೆ ಮೋಸ ಎಲ್ಲಿದೆಯೆಂದು ತಕ್ಷಣ ಕಾಣುತ್ತಿತ್ತು. ಈಗ ಎದುರಾಳಿಯ ಇಪ್ಪತ್ತು ನಿಮಿಷದ ಭಾಷಣದಿಂದ ಹನ್ನೆರಡು ಸೆಕೆಂಡಿನ ತುಣುಕನ್ನು ಕತ್ತರಿಸಿ, 'ಆದರೆ' ಎಂಬ ಪದಕ್ಕೆ ಮೊದಲೇ ನಿಲ್ಲಿಸಿ, ನಿಮ್ಮ ಪಕ್ಷಗಳ ಅಧಿಕೃತ ಖಾತೆಗಳಿಂದಲೇ ಅದನ್ನು ಹರಡಲಾಗುತ್ತಿದೆ. ಹೀಗೆ ಹರಡುವವರಿಗೆ ಪೂರ್ತಿ ಭಾಷಣದಲ್ಲಿ ಏನಿತ್ತೆಂಬುದು ಚೆನ್ನಾಗಿ ಗೊತ್ತಿರುತ್ತದೆ. ಅದನ್ನು ನೋಡಿ ತಂದೆಯೊಡನೆ ಜಗಳಕ್ಕೆ ನಿಲ್ಲುವ ಮಗನಿಗೆ ಗೊತ್ತಿರುವುದಿಲ್ಲ. ನಾನು ಇಡುವ ದೂರುಗಳಲ್ಲಿ ಇದನ್ನೇ ಎಲ್ಲಕ್ಕಿಂತ ಗಂಭೀರವೆಂದು ಎಣಿಸುತ್ತೇನೆ. ಬೈಗುಳವನ್ನು ಕೇಳಿದವರಿಗೆ ಅದು ಬೈಗುಳವೆಂದಾದರೂ ತಿಳಿಯುತ್ತದೆ, ಕತ್ತರಿಸಿದ ಮಾತನ್ನು ಕೇಳಿದವರು ಅದನ್ನು ಸತ್ಯವೆಂದೇ ನಂಬುತ್ತಾರೆ.

ಇದಕ್ಕೆ ಎದುರಾದ ಅಭ್ಯಾಸವೂ ನಮ್ಮಲ್ಲೇ ಇತ್ತು. ಶಾಸ್ತ್ರಗ್ರಂಥ ಬರೆಯುವವರು ತಮ್ಮ ಸಿದ್ಧಾಂತಕ್ಕೆ ಮೊದಲು ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು ಇಡಬೇಕಿತ್ತು. ಪೂರ್ವಪಕ್ಷ ದುರ್ಬಲವಾಗಿದ್ದರೆ ಸಿದ್ಧಾಂತಕ್ಕೂ ತೂಕವಿರುತ್ತಿರಲಿಲ್ಲ. ದೇವರು, ಪರಲೋಕಗಳನ್ನು ಒಪ್ಪದ ಚಾರ್ವಾಕರ ಸ್ವಂತ ಗ್ರಂಥಗಳು ಬಹುಮಟ್ಟಿಗೆ ಕಳೆದುಹೋಗಿವೆ. ಅವರು ಏನು ಹೇಳುತ್ತಿದ್ದರೆಂದು ಇಂದು ನಮಗೆ ತಿಳಿದಿರುವುದು ಹೆಚ್ಚಾಗಿ ಅವರನ್ನು ಖಂಡಿಸಿದವರು ಬರೆದಿಟ್ಟ ಪೂರ್ವಪಕ್ಷಗಳಿಂದ. ಆ ಖಂಡನಕಾರರು ಎದುರಾಳಿಗೆ ಪೂರ್ತಿ ನ್ಯಾಯ ಒದಗಿಸಿದ್ದರೆಂದು ನಾನು ಹೇಳುತ್ತಿಲ್ಲ, ಎಲ್ಲರೂ ಒದಗಿಸಿರಲಾರರು. ಆದರೂ ತಾವು ಸರ್ವಥಾ ಒಪ್ಪದ ಮಾತನ್ನು ಮೊದಲು ಬರೆದಿಡುವ ಶಿಸ್ತು ಅವರಿಗಿತ್ತು. ನಿಮ್ಮ ಇಂದಿನ ಪತ್ರಿಕಾ ಹೇಳಿಕೆಗಳಷ್ಟೇ ಮುಂದಿನ ತಲೆಮಾರಿಗೆ ಉಳಿದರೆ, ನಿಮ್ಮ ಎದುರಾಳಿಗಳು ಏನು ಹೇಳುತ್ತಿದ್ದರೆಂಬುದು ಅವುಗಳಿಂದ ಯಾರಿಗಾದರೂ ತಿಳಿದೀತೇ ಎಂದು ದಯವಿಟ್ಟು ಯೋಚಿಸಿ.

ಚರ್ಚಾಸ್ಪರ್ಧೆಯಲ್ಲಿ ನಾವು ಮಾಡುತ್ತಿದ್ದದ್ದೂ ಒಂದು ರೀತಿಯಲ್ಲಿ ಅದನ್ನೇ. ಪರವೋ ವಿರೋಧವೋ ಎಂಬುದನ್ನು ಮಕ್ಕಳು ಆರಿಸಿಕೊಳ್ಳುವಂತಿರಲಿಲ್ಲ, ಚೀಟಿ ಎತ್ತಬೇಕಿತ್ತು. ತನಗೆ ಒಪ್ಪಿಗೆಯಿಲ್ಲದ ಪಕ್ಷ ಬಂದಾಗ ಅಳುವ ಮಕ್ಕಳೂ ಇದ್ದರು. ಹಾಗೆ ಅತ್ತ ಒಬ್ಬಳು ಹುಡುಗಿ, ಮೂರು ದಿನ ತಯಾರಿ ಮಾಡಿ, ಸ್ಪರ್ಧೆಯಲ್ಲಿ ಬಹುಮಾನ ಪಡೆದು, ಆಮೇಲೆ ನನ್ನ ಬಳಿ ಬಂದು, "ಮೇಡಂ, ನಾನು ಈಗಲೂ ನನ್ನ ಹಳೆಯ ಅಭಿಪ್ರಾಯದಲ್ಲೇ ಇದ್ದೇನೆ, ಆದರೆ ಅವರು ದಡ್ಡರು ಅಂತ ಇನ್ನು ಅನ್ನಿಸುವುದಿಲ್ಲ" ಎಂದಳು. ಯಾವ ತೀರ್ಪುಗಾರರ ಅಂಕಪಟ್ಟಿಯಲ್ಲೂ ಅದಕ್ಕೆ ಅಂಕವಿರಲಿಲ್ಲ. ಅವಳು ಆಗ ಒಂಬತ್ತನೆಯ ತರಗತಿಯಲ್ಲಿದ್ದಳು.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆ ಬರುತ್ತದೆ, ಅದನ್ನು ತೇಲಿಸಿ ಮುಂದೆ ಹೋಗುವುದು ನನಗೆ ಸರಿಕಾಣುವುದಿಲ್ಲ. ಸೌಜನ್ಯ ಎಂಬ ಮಾತನ್ನು ನೊಂದವರ ಬಾಯಿ ಮುಚ್ಚಿಸಲು ಬಳಸಿದ ಉದಾಹರಣೆಗಳು ಬೇಕಾದಷ್ಟಿವೆ. ಅನ್ಯಾಯ ಅನುಭವಿಸುತ್ತಿರುವವರಿಗೆ, ಮೆಲ್ಲಗೆ ಮಾತಾಡು, ಆಮೇಲೆ ಕೇಳೋಣ ಎಂದು ಹೇಳುವುದು ಸೌಜನ್ಯವಲ್ಲ, ಅಧಿಕಾರ. ನಾನು ಕೇಳುತ್ತಿರುವುದು ಮೆದುಮಾತನ್ನಲ್ಲ. 1963ರ ಏಪ್ರಿಲ್‌ನಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮ್‌ನ ಎಂಟು ಮಂದಿ ಬಿಳಿಯ ಧರ್ಮಗುರುಗಳು, ವರ್ಣಭೇದದ ವಿರುದ್ಧ ನಡೆಯುತ್ತಿದ್ದ ಮೆರವಣಿಗೆಗಳು ಅವಸರದವು, ಹೊರಗಿನವರು ನಡೆಸುವಂಥವು ಎಂದು ಹೇಳಿಕೆ ಕೊಟ್ಟರು. ಅದೇ ಊರಿನ ಜೈಲಿನಲ್ಲಿದ್ದ ಮಾರ್ಟಿನ್ ಲೂಥರ್ ಕಿಂಗ್ ಆ ಧರ್ಮಗುರುಗಳಿಗೆ ಬಹಿರಂಗ ಪತ್ರದ ಮೂಲಕ ಉತ್ತರ ಬರೆದರು. ಅವರನ್ನು ಸಹೋದ್ಯೋಗಿ ಧರ್ಮಗುರುಗಳೆಂದೇ ಸಂಬೋಧಿಸಿ, ಅವರ ಟೀಕೆ ಪ್ರಾಮಾಣಿಕವಾದದ್ದೆಂದು ಒಪ್ಪಿಕೊಂಡು, ಹೊರಗಿನವರೆಂಬ ಆರೋಪ, ಅವಸರವೆಂಬ ಆರೋಪ, ಕಾನೂನು ಮುರಿಯುವಿಕೆಯ ಆರೋಪ ಹೀಗೆ ಒಂದೊಂದನ್ನೂ ಎತ್ತಿಕೊಂಡು ಉತ್ತರಿಸಿದರು. ಆ ಉತ್ತರದಲ್ಲಿ ಖಂಡನೆಗೆ ಎಲ್ಲೂ ಕೊರತೆಯಿಲ್ಲ. ಕಿಂಗ್ ಅವರಿಗೆ ಬೈಯಲು ಇದ್ದಷ್ಟು ಕಾರಣ ನಮ್ಮಲ್ಲಿ ಹೆಚ್ಚಿನವರಿಗೆ ಇಲ್ಲ, ಆದರೂ ಅವರು ಎದುರಾಳಿಯ ಮಾತನ್ನು ಪೂರ್ತಿ ಕೇಳಿಸಿಕೊಂಡವರಂತೆ ಬರೆದರು. ನನ್ನ ತಮ್ಮನಿಗೆ ನಾನು ಕೊಡದೆ ಹೋದದ್ದು ಅದನ್ನೇ.

ಭಾರತದ ಸಾರ್ವಜನಿಕ ಜೀವನದಲ್ಲೂ ಇದಕ್ಕೆ ಮಾದರಿಗಳಿವೆ. 1934ರ ಜನವರಿಯಲ್ಲಿ ಬಿಹಾರದಲ್ಲಿ ಭೀಕರ ಭೂಕಂಪವಾದಾಗ, ಅದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಗಾಂಧೀಜಿ ಹೇಳಿದರು. ಅಸ್ಪೃಶ್ಯತೆಯನ್ನು ಅಷ್ಟೇ ವಿರೋಧಿಸುತ್ತಿದ್ದ ರವೀಂದ್ರನಾಥ ಠಾಕೂರರಿಗೆ ಇದು ಒಪ್ಪಿಗೆಯಾಗಲಿಲ್ಲ. ಪ್ರಕೃತಿಯ ಘಟನೆಗೆ ನೈತಿಕ ಕಾರಣ ಕಟ್ಟುವುದು ಜನರ ವಿಚಾರಶಕ್ತಿಗೆ ಹಾನಿ ಎಂದು ಅವರು ಬಹಿರಂಗವಾಗಿಯೇ ಖಂಡಿಸಿದರು. ಗಾಂಧೀಜಿ ಆ ಖಂಡನೆಯನ್ನು ತಮ್ಮದೇ 'ಹರಿಜನ' ಪತ್ರಿಕೆಯಲ್ಲಿ ಅಚ್ಚುಹಾಕಿ, ಜೊತೆಯಲ್ಲಿ ತಮ್ಮ ಉತ್ತರವನ್ನೂ ಕೊಟ್ಟರು. ಗಾಂಧೀಜಿ ತಮ್ಮ ನಂಬಿಕೆಯನ್ನು ಬಿಟ್ಟುಕೊಡಲಿಲ್ಲ, ಠಾಕೂರರೂ ಮೆತ್ತಗಾಗಲಿಲ್ಲ. ಈ ವಿಷಯದಲ್ಲಿ ನಾನು ಪೂರ್ತಿ ಠಾಕೂರರ ಪಕ್ಷ. ಆದರೆ ತನ್ನನ್ನು ತಪ್ಪೆಂದು ತೋರಿಸುವ ಬರಹವನ್ನು ತನ್ನ ಓದುಗರ ಮುಂದೆ ತಾನೇ ಇಟ್ಟವರ ಬಗ್ಗೆ ನನಗಿರುವ ಗೌರವ ಬೇರೆಯದೇ. ನಿಮ್ಮ ಪಕ್ಷದ ಮುಖಪತ್ರಿಕೆಯಲ್ಲಿ, ನಿಮ್ಮ ಜಾಲತಾಣದಲ್ಲಿ, ಎದುರು ಪಕ್ಷದವರ ಒಂದು ಪೂರ್ತಿ ಲೇಖನ ಯಾವತ್ತಾದರೂ ಬಂದದ್ದನ್ನು ನಾನು ಕಂಡಿಲ್ಲ.

ಇನ್ನು ನಿಮ್ಮದೇ ನಿಯಮಗಳ ಮಾತು. ಭಾರತದ ಚುನಾವಣಾ ಆಯೋಗದ ಮಾದರಿ ನೀತಿ ಸಂಹಿತೆ 1960ರ ಕೇರಳ ವಿಧಾನಸಭಾ ಚುನಾವಣೆಯ ಕಾಲದಲ್ಲಿ ಮೊದಲು ರೂಪುಗೊಂಡದ್ದು. ಇತರ ಪಕ್ಷಗಳ ಟೀಕೆಯು ಅವುಗಳ ನೀತಿ, ಕಾರ್ಯಕ್ರಮ, ಹಿಂದಿನ ದಾಖಲೆ ಮತ್ತು ಕೆಲಸಕ್ಕೆ ಸೀಮಿತವಾಗಿರಬೇಕು, ಸಾರ್ವಜನಿಕ ಕೆಲಸಕ್ಕೆ ಸಂಬಂಧಿಸದ ಖಾಸಗಿ ಬದುಕನ್ನು ಎಳೆದು ತರಬಾರದು, ಪರಿಶೀಲಿಸದ ಆರೋಪಗಳ ಮೇಲೆ ಟೀಕಿಸಬಾರದು ಎಂದು ಅದು ಹೇಳುತ್ತದೆ. ಪಕ್ಷಗಳ ಒಪ್ಪಿಗೆಯ ಮೇಲೆಯೇ ನಿಂತಿರುವ ಈ ಸಂಹಿತೆ ಜಾರಿಯಲ್ಲಿರುವುದು ಚುನಾವಣೆ ಘೋಷಣೆಯಾದಾಗಿನಿಂದ ಮುಗಿಯುವವರೆಗೆ ಮಾತ್ರ. ಆದರೆ ನಮ್ಮ ಮನೆಗಳಲ್ಲಿ ರಾಜಕೀಯದ ಮಾತು ವರ್ಷದ ಎಲ್ಲ ದಿನವೂ ನಡೆಯುತ್ತದೆ. ಶಾಸನಸಭೆಗಳಲ್ಲೂ ಅಷ್ಟೇ. ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ನಲ್ಲಿ ಸದಸ್ಯರು ಪರಸ್ಪರ ನೇರವಾಗಿ ಮಾತನಾಡುವಂತಿಲ್ಲ, ಸಭಾಧ್ಯಕ್ಷರನ್ನು ಉದ್ದೇಶಿಸಿಯೇ ಮಾತನಾಡಬೇಕು. ಇನ್ನೊಬ್ಬ ಸದಸ್ಯರನ್ನು ಸುಳ್ಳುಗಾರರೆಂದು ಕರೆದವರು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಲೋಕಸಭೆಯ 380ನೇ ನಿಯಮದಂತೆ ಅಸಂಸದೀಯ ಮಾತುಗಳನ್ನು ಕಡತದಿಂದ ತೆಗೆಸುವ ಅಧಿಕಾರ ಸಭಾಧ್ಯಕ್ಷರಿಗಿದೆ. ಸಿಟ್ಟು ಬಂದವನ ಮಾತು ಮೂರನೆಯವರ ಮೂಲಕ ಹಾದುಹೋಗುವಾಗ ಒಂದಿಷ್ಟು ತಣಿಯಲಿ ಎಂಬ ಅನುಭವ ಈ ನಿಯಮಗಳ ಹಿಂದಿದೆ. ನಮ್ಮ ಮನೆಯ ಜಗಳದಲ್ಲಿ ಸಭಾಧ್ಯಕ್ಷರಿಲ್ಲ, ಕಡತದಿಂದ ತೆಗೆಸುವವರೂ ಇಲ್ಲ. ನನ್ನ ತಮ್ಮ ಬಿಟ್ಟುಹೋದ ವಾಟ್ಸ್ಆ್ಯಪ್ ಗುಂಪಿನಲ್ಲಿ ನನ್ನ ಆ ಸಾಲು ಇವತ್ತಿಗೂ ಹಾಗೇ ಇದೆ.

ಹಾಗಾಗಿ ನನ್ನ ಕೋರಿಕೆಗಳನ್ನು ಮುಂದಿಡುತ್ತೇನೆ. ಮೊದಲನೆಯದಾಗಿ, ಆ ನೀತಿ ಸಂಹಿತೆಯ ಟೀಕೆಗೆ ಸಂಬಂಧಿಸಿದ ಭಾಗವನ್ನು ಚುನಾವಣೆಯಿಲ್ಲದ ದಿನಗಳಲ್ಲೂ ಪಾಲಿಸುತ್ತೇವೆಂದು ನೀವು ನಿಮ್ಮ ಪಕ್ಷದ ಒಳಗೆ ಲಿಖಿತವಾಗಿ ಘೋಷಿಸಬೇಕು. ಅದು ನಿಮ್ಮ ವಕ್ತಾರರಿಗಷ್ಟೇ ಅಲ್ಲ, ನಿಮ್ಮ ಹೆಸರಿನಲ್ಲಿ ತುಣುಕುಗಳನ್ನು ಕತ್ತರಿಸಿ ಹಂಚುವ ತಂಡಗಳಿಗೂ ಅನ್ವಯಿಸಬೇಕು. ಎದುರಾಳಿಯ ಮಾತನ್ನು ಹಂಚುವುದಾದರೆ ಪೂರ್ತಿ ಭಾಷಣ ಎಲ್ಲಿ ಸಿಗುತ್ತದೆಂಬುದನ್ನು ಜೊತೆಯಲ್ಲೇ ಕೊಡಬೇಕು. ಇದಕ್ಕೆ ಹಣವೂ ಬೇಕಿಲ್ಲ, ಹೊಸ ಕಾನೂನೂ ಬೇಕಿಲ್ಲ.

ಎರಡನೆಯದು ಕಷ್ಟದ್ದು, ಆದರೂ ನಾನು ಹೆಚ್ಚು ಆಸೆಯಿಟ್ಟಿರುವುದು ಅದರ ಮೇಲೆಯೇ. ನಿಮ್ಮ ಬೆಂಬಲಿಗರು ನಿಮ್ಮ ಮುಂದೆಯೇ ಎದುರಾಳಿಯ ಬಗ್ಗೆ ಸುಳ್ಳನ್ನೋ ಹೀನ ಮಾತನ್ನೋ ಆಡಿದಾಗ ನೀವು ಅಲ್ಲೇ ತಿದ್ದಬೇಕು. 2008ರ ಅಕ್ಟೋಬರ್ 10ರಂದು ಅಮೆರಿಕದ ಮಿನೆಸೋಟಾದ ಲೇಕ್‌ವಿಲ್‌ನಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಜಾನ್ ಮೆಕೇನ್ ಅವರ ಸಭೆಯಲ್ಲಿ ಮಹಿಳೆಯೊಬ್ಬರು, ಒಬಾಮಾ ಅವರನ್ನು ತಾನು ನಂಬುವುದಿಲ್ಲ, ಅವರು ಅರಬ್ ಎಂದರು. ಮೆಕೇನ್ ಆ ಮಹಿಳೆಯ ಕೈಯಿಂದ ಮೈಕನ್ನು ತೆಗೆದುಕೊಂಡು, ಇಲ್ಲ ತಾಯಿ, ಅವರು ಸಂಸಾರವಂತರಾದ ಸಭ್ಯ ಪ್ರಜೆ, ಮೂಲಭೂತ ವಿಷಯಗಳಲ್ಲಿ ನನಗೂ ಅವರಿಗೂ ಭಿನ್ನಾಭಿಪ್ರಾಯವಿದೆ ಅಷ್ಟೇ ಎಂಬ ಅರ್ಥದ ಮಾತು ಹೇಳಿದರು. ಅರಬ್ ಆಗಿರುವುದಕ್ಕೂ ಸಭ್ಯರಾಗಿರುವುದಕ್ಕೂ ಏನು ವಿರೋಧವಿದೆ ಎಂದು ಆಮೇಲೆ ಕೆಲವರು ಕೇಳಿದ್ದು ಸರಿಯಾದ ಪ್ರಶ್ನೆಯೇ, ಆ ಉತ್ತರ ಪೂರ್ಣವಾಗಿರಲಿಲ್ಲ. ಅದೇ ಸಭೆಯಲ್ಲಿ ಒಬಾಮಾ ಬಗ್ಗೆ ಹೆದರಬೇಕಿಲ್ಲ ಎಂದು ಹೇಳಿದ್ದಕ್ಕೆ ಅವರದೇ ಬೆಂಬಲಿಗರು ಅವರನ್ನು ಕೂಗಿ ಛೀಮಾರಿ ಹಾಕಿದ್ದೂ ನಿಜ, ಆ ಚುನಾವಣೆಯಲ್ಲಿ ಅವರು ಸೋತದ್ದೂ ನಿಜ. ತನ್ನ ಜನ ಚಪ್ಪಾಳೆ ತಟ್ಟುವ ಮಾತನ್ನು ತಾನೇ ತಡೆಯಲು ಎಷ್ಟು ಧೈರ್ಯ ಬೇಕೆಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಬೆಂಬಲಿಗನೊಬ್ಬ ತನ್ನ ನಾಯಕನಿಂದ ಕಲಿಯುವಷ್ಟು ಬೇಗ ಎದುರು ಪಕ್ಷದವರ ಬುದ್ಧಿವಾದದಿಂದ ಕಲಿಯುವುದಿಲ್ಲ. ನಮ್ಮ ಇತಿಹಾಸದ ಮೇಷ್ಟ್ರಿಗೆ ಆ ಪದ ಬಳಸಬಾರದೆಂದು ನಾನು ಹೇಳಿದರೆ ಅವರು ಕೇಳುತ್ತಿರಲಿಲ್ಲ, ಅವರು ನಂಬಿದ ವಕ್ತಾರರು ಹೇಳಿದ್ದರೆ ಕೇಳುತ್ತಿದ್ದರು.

ಮನೆ ಮನೆಗೆ ಬರುವ ನಿಮ್ಮ ಕಾರ್ಯಕರ್ತರ ಬಗ್ಗೆಯೂ ಒಂದು ಮಾತಿದೆ. ಅವರು ಕರಪತ್ರ ಕೊಟ್ಟು, ಘೋಷಣೆಯನ್ನು ಒಪ್ಪಿಸಿ, ಎರಡು ನಿಮಿಷದಲ್ಲಿ ಮುಂದಿನ ಬಾಗಿಲಿಗೆ ಹೋಗುತ್ತಾರೆ. ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ ಎಂಬ ಸಂಶೋಧಕರು 2016ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಯಾಮಿಯ ಮತದಾರರ ಮನೆಬಾಗಿಲಲ್ಲಿ ನಡೆದ ಸುಮಾರು 10 ನಿಮಿಷದ ಸಂಭಾಷಣೆಗಳು ಲಿಂಗಾಂತರಿಗಳ ಬಗೆಗಿನ ಪೂರ್ವಗ್ರಹವನ್ನು ತಗ್ಗಿಸಿದವು, ಆ ಪರಿಣಾಮ ಕನಿಷ್ಠ 3 ತಿಂಗಳು ಉಳಿದಿತ್ತು. ಅಲ್ಲಿ ಬಾಗಿಲು ತಟ್ಟಿದವರು ಉಪದೇಶ ಮಾಡಲಿಲ್ಲ. ಮನೆಯವರು ತಾವು ಇತರರಿಂದ ಭಿನ್ನರೆಂಬ ಕಾರಣಕ್ಕೆ ನೋವುಂಡ ಸಂದರ್ಭವನ್ನು ನೆನಪಿಸಿಕೊಳ್ಳುವಂತೆ ಕೇಳಿ, ಅವರು ಹೇಳಿದ್ದನ್ನು ಆಲಿಸಿದರು. ನಿಮ್ಮ ಕಾರ್ಯಕರ್ತರಿಗೆ ಘೋಷಣೆಯ ಜೊತೆಗೆ ಇದನ್ನೂ ಕಲಿಸಿ. ನಮ್ಮ ಬಾಗಿಲಿಗೆ ಬಂದ ಯಾವ ಕಾರ್ಯಕರ್ತರೂ ಇದುವರೆಗೆ, ನಿಮ್ಮ ಅಭಿಪ್ರಾಯವೇನು, ಅದು ಹೇಗೆ ಬಂತು ಎಂದು ನನ್ನನ್ನು ಕೇಳಿಲ್ಲ.

ಮೂರನೆಯ ಕೋರಿಕೆ ಚಿಕ್ಕದು. ನೀವು ಎದುರು ಪಕ್ಷದ ನಾಯಕರೊಡನೆ ಸ್ನೇಹದಿಂದ ಇರುವುದನ್ನು ನಿಮ್ಮ ಬೆಂಬಲಿಗರಿಂದ ಮುಚ್ಚಿಡಬೇಡಿ. ಅವರ ಮನೆಯ ಸಾವಿಗೆ ನೀವು ಹೋಗುತ್ತೀರಿ, ಕಾಯಿಲೆಯಲ್ಲಿ ಫೋನು ಮಾಡುತ್ತೀರಿ, ಸಮಿತಿಯ ಕೊಠಡಿಯಲ್ಲಿ ಕೂತು ಮಸೂದೆಯ ಕಲಮುಗಳನ್ನು ಒಟ್ಟಿಗೆ ತಿದ್ದುತ್ತೀರಿ. ಇದನ್ನು ನೀವೇ ಬಾಯಿಬಿಟ್ಟು ಹೇಳಿ. ಅಂಥ ಚಿತ್ರ ಹೊರಗೆ ಬಂದಾಗ ಅದನ್ನು ಒಳಒಪ್ಪಂದವೆಂದು ಕೂಗುವವರಿಗೆ, ನಾವು ನೀತಿಯನ್ನು ವಿರೋಧಿಸುತ್ತೇವೆ, ವ್ಯಕ್ತಿಯನ್ನಲ್ಲ ಎಂದು ನೀವೇ ಉತ್ತರ ಕೊಡಿ. ಆ ಮದುವೆಯ ಚಿತ್ರದ ಕೆಳಗೆ ಇಂಥ ಒಂದು ಸಾಲನ್ನು ಆ ವಕ್ತಾರರು ಬರೆದಿದ್ದರೆ, ನಾನು ಅದನ್ನು ಕತ್ತರಿಸಿ ಒಯ್ದು ನಮ್ಮ ಅಧ್ಯಾಪಕರ ಕೊಠಡಿಯ ಮೇಜಿನ ಮೇಲೆ ಇಡುತ್ತಿದ್ದೆ.

ಕೊನೆಯದಾಗಿ ನಿಮ್ಮಲ್ಲಿ ಪ್ರತಿಯೊಬ್ಬರಿಂದಲೂ ಒಂದು ಪುಟದ ಬರಹವನ್ನು ಕೇಳುತ್ತಿದ್ದೇನೆ. ನೀವು ಅತ್ಯಂತ ತೀವ್ರವಾಗಿ ವಿರೋಧಿಸುವ ಎದುರಾಳಿಯ ಒಂದು ನಿಲುವನ್ನು ಆರಿಸಿಕೊಳ್ಳಿ. ಆ ನಿಲುವಿಗೆ ಇರುವ ಕಾರಣಗಳನ್ನು, ಓದಿದ ಎದುರಾಳಿಯೇ 'ಹೌದು, ನಾನು ಹೇಳುವುದು ಇದನ್ನೇ' ಎಂದು ಒಪ್ಪುವಂತೆ ಬರೆಯಿರಿ. ಖಂಡನೆಯನ್ನು ಆ ಪುಟದಲ್ಲಿ ಸೇರಿಸಬೇಡಿ, ಅದನ್ನು ಬರೆಯಲು ನಿಮಗೆ ಉಳಿದೆಲ್ಲ ಪುಟಗಳೂ ಇವೆ. ಬಂದ ಬರಹಗಳನ್ನು ಒಂದಕ್ಷರವನ್ನೂ ಕತ್ತರಿಸದೆ, ಪಕ್ಷಭೇದವಿಲ್ಲದೆ, ಬಂದ ಕ್ರಮದಲ್ಲೇ ಈ ಪತ್ರದಂತೆ ಬಹಿರಂಗವಾಗಿ ಪ್ರಕಟಿಸುತ್ತೇನೆ. ಮೊದಲ ಪುಟವನ್ನು ನಾನೇ ಬರೆದಿದ್ದೇನೆ. ನನ್ನ ತಮ್ಮ ಅಂದು ಬರೆದ ನಾಲ್ಕು ಪ್ಯಾರಾಗಳನ್ನು ಈ ಸಲ ಪೂರ್ತಿ ಓದಿ, ಅವನ ವಾದವನ್ನು ನನ್ನ ಮಾತಿನಲ್ಲಿ ಬರೆದು ಅವನಿಗೆ ಕಳಿಸಿದೆ. ಎರಡು ಕಡೆ ತಿದ್ದಿ ವಾಪಸು ಕಳಿಸಿದ್ದಾನೆ. ಆ ತಿದ್ದುಪಡಿಗಳನ್ನು ಸೇರಿಸಿ ಮತ್ತೆ ಬರೆಯುತ್ತಿದ್ದೇನೆ.

ನಿಮ್ಮ ಪುಟಗಳ ನಿರೀಕ್ಷೆಯಲ್ಲಿ,

ಇಂತಿ ಗೌರವಪೂರ್ವಕವಾಗಿ,
ಒಬ್ಬ ನಿವೃತ್ತ ಭಾಷಾ ಶಿಕ್ಷಕಿ